ಮಾತಾಡೋಕೆ ಒಂದು ಕೋಣೆ ಕೊಡಿ

ಸಂಪಾದಕರಿಗೆ ನಮಸ್ಕಾರ.

ಖಿನ್ನತೆ ಇರುವ ಹದಿಹರೆಯದ ಮಕ್ಕಳಿಗೆ ಆನ್‌ಲೈನ್ ಕೌನ್ಸೆಲಿಂಗ್ ತುಂಬಾ ಅನುಕೂಲ ಅಂತ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಲೇಖನ ಬಂದಿತ್ತು. ಓದಿದೆ. ಬರೆದಿದ್ದೆಲ್ಲ ಸರಿಯೇ. ಊರೂರು ಅಲೆಯೋದು ತಪ್ಪುತ್ತದೆ, ಆಸ್ಪತ್ರೆ ಹತ್ತಿರ ಯಾರಾದರೂ ನೋಡಿಬಿಟ್ಟರೆ ಅನ್ನೋ ಭಯ ಇರಲ್ಲ, ಮನೆಯಲ್ಲೇ ಕೂತು ಮಾತಾಡಬಹುದು. ಆ 'ಮನೆಯಲ್ಲೇ ಕೂತು' ಅನ್ನೋ ಮಾತು ಬಂದಾಗ ನಾನು ಪೇಪರ್ ಕೆಳಗಿಟ್ಟೆ. ಯಾರ ಮನೆಯಲ್ಲಿ? ಯಾವ ಕೋಣೆಯಲ್ಲಿ? ಅದನ್ನು ಹೇಳೋಕೇ ಈ ಪತ್ರ.

ನಾನು ಮಂಡ್ಯದಿಂದ 17 ಕಿಲೋಮೀಟರ್ ದೂರದ ಹಳ್ಳಿಯವಳು. ಬಿ.ಎ. ಓದಿದ್ದೇನೆ, ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ, ಜಾಸ್ತಿ ಬ್ಲೌಸ್. ಮನೆಯವರು ಗೂಡ್ಸ್ ಆಟೋ ಓಡಿಸುತ್ತಾರೆ. ಒಂದು ಹಸು ಇದೆ. ಮನೆ ಅಂದರೆ ಒಂದು ನಡುಮನೆ, ಒಂದು ರೂಮು, ಅಡುಗೆಮನೆ, ಅಷ್ಟೇ. ರೂಮಿಗೆ ಬಾಗಿಲಿಲ್ಲ, ಪರದೆ ಇದೆ. ಪರದೆ ಪಕ್ಕದಲ್ಲೇ ನನ್ನ ಮೆಷಿನ್. ದಯವಿಟ್ಟು ಹೆಸರು ಹಾಕಬೇಡಿ. ಮಗಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಅವಳೇ ಓದಿ ಎರಡು ಕಡೆ ತಿದ್ದಿದ್ದಾಳೆ.

ಮಗಳಿಗೆ 16 ವರ್ಷ. ಎಸ್ಸೆಸ್ಸೆಲ್ಸಿ ಚೆನ್ನಾಗಿ ಮಾಡಿ ಮಂಡ್ಯದಲ್ಲಿ ಪಿಯುಸಿ ಸೈನ್ಸ್‌ಗೆ ಸೇರಿದಳು. ಎರಡು ತಿಂಗಳಿಗೆ ಹುಡುಗಿ ಬೇರೆಯೇ ಆಗಿಬಿಟ್ಟಳು. ಅಳುತ್ತಾ ಕೂತಿದ್ದರೆ ನನಗೆ ಬೇಗ ಗೊತ್ತಾಗುತ್ತಿತ್ತೇನೋ. ಅವಳು ಅಳಲಿಲ್ಲ, ಸಿಡುಕುತ್ತಿದ್ದಳು. ಊಟಕ್ಕೆ ಕರೆದರೆ ತಟ್ಟೆ ತಳ್ಳುತ್ತಿದ್ದಳು. ರಾತ್ರಿ ಎರಡಾದರೂ ನಿದ್ದೆ ಇಲ್ಲ, ಬೆಳಗ್ಗೆ ಏಳೋಕಾಗಲ್ಲ, ತಲೆನೋವು, ಕಾಲೇಜು ಬೇಡ. ಗೌರಿ ಹಬ್ಬಕ್ಕೆ ಅಂತ ರಾತ್ರಿಯೆಲ್ಲ ಕೂತು ಒಂದು ನೀಲಿ ಚೂಡಿದಾರ್ ಹೊಲಿದುಕೊಟ್ಟೆ, ಅವಳು ಮುಟ್ಟಲೇ ಇಲ್ಲ, ಗೋಡೆಯ ಮೊಳೆಯಲ್ಲಿ ಹ್ಯಾಂಗರ್ ಸಮೇತ ಹಾಗೇ ನೇತಾಡುತ್ತಿತ್ತು. ನಮ್ಮತ್ತೆ "ದಿಷ್ಟಿ ಬಿದ್ದದೆ ಕಣವ್ವ" ಅಂದರು. ನೀವಳಿಸಿದೆವು, ತಾಯತ ಕಟ್ಟಿಸಿದೆವು. ಒಂದು ಕ್ಲಿನಿಕ್‌ನಲ್ಲಿ ರಕ್ತ ಕಡಿಮೆ ಅಂತ ಟಾನಿಕ್ ಬರೆದುಕೊಟ್ಟರು. ನಾನೂ ಬೈದೆ. ಫೋನ್ ಕಿತ್ತುಕೊಂಡೆ, ಅದರಿಂದಲೇ ಹೀಗಾಗಿರೋದು ಅಂದುಕೊಂಡೆ. ಮೂರು ತಿಂಗಳು ಹೀಗೇ ಹೋಯಿತು.

ಈ ವಯಸ್ಸಿನಲ್ಲಿ ಖಿನ್ನತೆ ಎಷ್ಟೋ ಸಲ ದುಃಖದ ಥರ ಕಾಣಿಸಲ್ಲವಂತೆ, ಕೋಪದ ಥರ ಕಾಣಿಸುತ್ತದಂತೆ. ಆಮೇಲೆ ಡಾಕ್ಟರ್ ಹೇಳಿದ್ದು. ಎರಡು ವಾರಕ್ಕಿಂತ ಜಾಸ್ತಿ ದಿನ ಮಗುವಿಗೆ ಮೊದಲು ಇಷ್ಟವಾಗಿದ್ದು ಯಾವುದೂ ಬೇಡವಾಗಿದ್ದರೆ, ನಿದ್ದೆ ಊಟ ಎರಡೂ ಕೆಟ್ಟಿದ್ದರೆ, ತೋರಿಸಿ ಅಂದರು. ಇಷ್ಟು ಸಣ್ಣ ಮಾತು ನನಗೆ ಮೊದಲೇ ಗೊತ್ತಿರಬಾರದಿತ್ತಾ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಪಕ್ಕದಲ್ಲಿ ಮಲಗಿದ್ದವಳು "ನಾನು ಇಲ್ಲದಿದ್ದರೇನೇ ನಿಮಗೆಲ್ಲ ಆರಾಮು ಅಲ್ವಾ ಅಮ್ಮ" ಅಂದಳು. ಮೆಲ್ಲಗೆ, ನಾಳೆ ಕಾಲೇಜಿಗೆ ರಜೆ ಅನ್ನೋ ಥರ ಅಂದಳು. ನನ್ನ ಕೈಕಾಲು ಆಡಲಿಲ್ಲ. ನಮ್ಮ ಆಶಾ ಕಾರ್ಯಕರ್ತೆ ಯಾವಾಗಲೋ ಕೊಟ್ಟಿದ್ದ ಒಂದು ಕರಪತ್ರ ಮೆಷಿನ್ ಡ್ರಾಯರ್‌ನಲ್ಲಿತ್ತು, ಹುಕ್ಸು ಗುಂಡಿಗಳ ಕೆಳಗೆ. ಅದರಲ್ಲಿ 14416 ಅಂತಿತ್ತು. ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಫೋನ್ ಮಾಡಿದೆ. ಕನ್ನಡ ಆರಿಸಿಕೊಂಡೆ, ಕನ್ನಡದಲ್ಲೇ ಮಾತಾಡಿದರು. ಮೊದಲು ಕೇಳಿದ್ದು, ಮಗಳು ಈಗ ನಿಮ್ಮ ಪಕ್ಕದಲ್ಲಿದ್ದಾಳಾ ಅಂತ. ಆಮೇಲೆ, ಮನೆಯಲ್ಲಿ ಹೊಲಕ್ಕೆ ಹೊಡೆಯೋ ಔಷಧಿ ಇದೆಯಾ, ಅಜ್ಜಿಯ ಮಾತ್ರೆಗಳು ಎಲ್ಲಿವೆ, ಈಗಲೇ ಎದ್ದು ಎಲ್ಲವನ್ನೂ ಬೀಗದೊಳಗೆ ಇಡಿ, ನಾನು ಲೈನ್‌ನಲ್ಲೇ ಇರುತ್ತೇನೆ ಅಂದರು. ಇಟ್ಟು ಬಂದೆ. ಇವತ್ತು ಅವಳನ್ನು ಒಬ್ಬಳನ್ನೇ ಬಿಡಬೇಡಿ, ಬೈಯಬೇಡಿ, ಬೆಳಗ್ಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದರು. ಆಮೇಲೆ ಮಗಳ ಹತ್ತಿರ ಇಪ್ಪತ್ತು ನಿಮಿಷ ಮಾತಾಡಿದರು.

ಈ ನಂಬರ್ 2022ರ ಅಕ್ಟೋಬರ್ 10ರಿಂದ ಇದೆ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದನ್ನು ನಡೆಸೋದರಲ್ಲಿ ಮುಂದಿದೆ. ಮೊದಲು ಕೌನ್ಸೆಲರ್ ಮಾತಾಡುತ್ತಾರೆ, ಬೇಕಾದರೆ ಡಾಕ್ಟರ್‌ಗಳಿಗೆ, ಜಿಲ್ಲೆಯ ಮಾನಸಿಕ ಆರೋಗ್ಯ ಕಾರ್ಯಕ್ರಮದವರಿಗೆ ಸೇರಿಸುತ್ತಾರೆ. ಆ ಕಾರ್ಯಕ್ರಮ ಕೂಡ ನಮ್ಮದೇ ಬಳ್ಳಾರಿಯಲ್ಲಿ 1980ರ ದಶಕದಲ್ಲಿ ಮಾಡಿ ನೋಡಿದ್ದು, ಅದನ್ನು ನೋಡಿಯೇ 1996ರಲ್ಲಿ ದೇಶದ ಕಾರ್ಯಕ್ರಮ ಮಾಡಿದ್ದು. ಇದನ್ನೆಲ್ಲ ನಾನು ಆಮೇಲೆ ಓದಿ ತಿಳಿದುಕೊಂಡೆ. ಇಷ್ಟೆಲ್ಲ ನಮ್ಮಲ್ಲೇ ಹುಟ್ಟಿದ್ದು, ನನ್ನ ಡ್ರಾಯರ್‌ನಲ್ಲಿ ಗುಂಡಿಗಳ ಕೆಳಗೆ ಬಿದ್ದಿತ್ತು.

ಬೆಳಗ್ಗೆ ಆಸ್ಪತ್ರೆಗೆ ಹೋದೆವು. ಡಾಕ್ಟರ್ ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿದರು, ಆಮೇಲೆ ನಮ್ಮನ್ನು ಕರೆದರು. ಖಿನ್ನತೆ ಅಂದರು. ಮಾತ್ರೆ ಬೇಕಾ ಅಂತ ಮುಂದೆ ನೋಡೋಣ, ಎರಡು ವಾರಕ್ಕೊಮ್ಮೆ ಇಲ್ಲಿಗೆ ಬನ್ನಿ, ಆದರೆ ವಾರಕ್ಕೊಂದು ಸಲ ಮಾತಿನ ಚಿಕಿತ್ಸೆ ಆಗಲೇಬೇಕು ಅಂದರು. ವಾರಕ್ಕೊಂದು ಸಲ! ಬಸ್ಸು ಹಿಡಿದು ಹೋಗಿ, ಚೀಟಿ ಮಾಡಿಸಿ, ಕಾದು, ವಾಪಸ್ ಬರೋದರಲ್ಲಿ ಒಂದು ದಿನ ಕಳೆಯಿತು ಅಂತಲೇ ಲೆಕ್ಕ. ಅವಳಿಗೆ ಕಾಲೇಜು ಹೋಯಿತು, ನನಗೆ ಕೆಲಸ ಹೋಯಿತು. ಹಾಗಾಗಿ ಆನ್‌ಲೈನ್.

ಮೊದಲು ಮೋಸ ಹೋದೆವು. ಒಂದು ಆಪ್‌ನಲ್ಲಿ ನಾಲ್ಕು ಸಲದ ದುಡ್ಡು ಮುಂಚೆಯೇ ಕಟ್ಟಿದೆವು. ವಯಸ್ಸು 18 ಆಗಿದೆ ಅಂತ ಒಂದು ಕಡೆ ಒತ್ತಿದರೆ ಸಾಕು, ಒಳಗೆ ಬಿಟ್ಟಿತು. 2023ರ ಡೇಟಾ ರಕ್ಷಣೆ ಕಾಯ್ದೆ ಪ್ರಕಾರ 18ರ ಒಳಗಿನವರ ವಿವರ ತೆಗೆದುಕೊಳ್ಳೋಕೆ ಅಪ್ಪ ಅಮ್ಮನ ಒಪ್ಪಿಗೆ ಬೇಕು, ಅದು ನಿಜವಾದ ಒಪ್ಪಿಗೆಯೇ ಅಂತ ಖಾತ್ರಿ ಮಾಡಿಕೊಳ್ಳಬೇಕು ಅಂತ ಬರೆದಿದೆ. ಯಾರೂ ಕೇಳಲಿಲ್ಲ. ಮೊದಲನೇ ಸಲ ಒಬ್ಬರು, ಎರಡನೇ ಸಲ ಇನ್ನೊಬ್ಬರು, ಮೂರನೇ ಸಲ ಮತ್ತೊಬ್ಬರು. ಪ್ರತಿ ಸಲವೂ ಅವಳು ಮೊದಲಿಂದ ಹೇಳಬೇಕು, ಅದೂ ಅರ್ಧ ಇಂಗ್ಲಿಷಲ್ಲಿ. "ಅಮ್ಮ, ನನಗೆ ಹೊಟ್ಟೆಯೊಳಗೆ ಕಲ್ಲು ಇಟ್ಟಂಗೆ ಆಗುತ್ತೆ, ಅದನ್ನ ಇಂಗ್ಲಿಷಲ್ಲಿ ಹೇಗೆ ಹೇಳಲಿ" ಅಂದಳು. ನಾಲ್ಕನೇ ಸಲ ಕೂರಲೇ ಇಲ್ಲ.

ಆಮೇಲೆ ಡಾಕ್ಟರೇ ದಾರಿ ತೋರಿಸಿದರು. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ನಂಬರ್ ಇರುತ್ತದೆ, ಮೊದಲು ಅದನ್ನು ಕೇಳಿ ಅಂದರು. ಹಾಗೆ ಕೇಳಿ ಮೈಸೂರಿನಲ್ಲಿರೋ ಒಬ್ಬ ಮೇಡಂ ಸಿಕ್ಕಿದರು. ಪ್ರತಿ ಗುರುವಾರ ಸಂಜೆ ಐದಕ್ಕೆ, 45 ನಿಮಿಷ, ವಿಡಿಯೋ ಕಾಲ್. ಮೊದಲ ದಿನ ನನ್ನನ್ನೂ ಕೂರಿಸಿಕೊಂಡು ಮಾತಾಡಿದರು. ಅವಳು ಹೇಳಿದ್ದನ್ನು ನಿಮಗೆ ಹೇಳಲ್ಲ, ಜೀವಕ್ಕೆ ಅಪಾಯ ಅನಿಸಿದರೆ ಮಾತ್ರ ಹೇಳುತ್ತೇನೆ, ಇದು ಅವಳಿಗೂ ಗೊತ್ತಿರಲಿ, ನಿಮಗೂ ಗೊತ್ತಿರಲಿ ಅಂದರು. ಪ್ರತಿ ಸಲ ಶುರು ಮಾಡೋವಾಗ "ಈಗ ಎಲ್ಲಿದ್ದೀಯಾ? ಪಕ್ಕದಲ್ಲಿ ಯಾರಿದ್ದಾರೆ?" ಅಂತ ಕೇಳುತ್ತಾರೆ. ಕಾಲ್ ಕಟ್ ಆದರೆ ಐದು ನಿಮಿಷದಲ್ಲಿ ನನ್ನ ನಂಬರಿಗೆ ಮಾಡುತ್ತಾರೆ.

ಫೋನಲ್ಲಿ ಮಾತಾಡಿದರೆ ಕಾಯಿಲೆ ವಾಸಿ ಆಗುತ್ತಾ ಅಂತ ನಮ್ಮನೆಯವರು ಕೇಳಿದರು. ತಪ್ಪು ಪ್ರಶ್ನೆ ಏನಲ್ಲ. ನ್ಯೂಜಿಲೆಂಡ್‌ನಲ್ಲಿ ಸ್ಪಾರ್ಕ್ಸ್ ಅಂತ ಕಂಪ್ಯೂಟರ್ ಆಟದ ರೂಪದಲ್ಲೇ ಈ ಚಿಕಿತ್ಸೆ ಮಾಡಿ, 12ರಿಂದ 19 ವಯಸ್ಸಿನ 187 ಮಕ್ಕಳಲ್ಲಿ ಪರೀಕ್ಷೆ ಮಾಡಿದ್ದರಂತೆ. 2012ರಲ್ಲಿ ಫಲಿತಾಂಶ ಬಂತು, ಮಾಮೂಲಿ ಚಿಕಿತ್ಸೆಗಿಂತ ಕಡಿಮೆ ಏನಿರಲಿಲ್ಲ. ಸೌಮ್ಯ ಖಿನ್ನತೆ ಇರೋ ಮಕ್ಕಳಿಗೆ ಮೊದಲು ಕೊಡಬಹುದಾದ ಚಿಕಿತ್ಸೆಗಳಲ್ಲಿ ಆನ್‌ಲೈನ್ ಕೂಡ ಒಂದು ಅಂತ ಇಂಗ್ಲೆಂಡ್‌ನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಮಾಡೋ ಸಂಸ್ಥೆಯವರು 2019ರಲ್ಲಿ ಬರೆದಿಟ್ಟಿದ್ದಾರೆ. ಸೌಮ್ಯ ಅನ್ನೋ ಪದ ಗಮನಿಸಿ. ಮಗು ಸಾಯೋ ಮಾತಾಡಿದರೆ ಗುರುವಾರದವರೆಗೆ ಕಾಯೋ ಹಾಗಿಲ್ಲ, ನಾವು ಓಡಿದ ಹಾಗೆ ಆಸ್ಪತ್ರೆಗೆ ಓಡಬೇಕು. ನಮಗೆ ಈಗಲೂ ಡಾಕ್ಟರ್ ಇದ್ದಾರೆ, ಮೇಡಂ ಇದ್ದಾರೆ, ಇಬ್ಬರೂ ಬೇಕು.

ಈಗ ಕೋಣೆಯ ವಿಷಯಕ್ಕೆ ಬರುತ್ತೇನೆ.

ಮೊದಲ ಗುರುವಾರ ಅವಳು ಪರದೆ ಹಿಂದೆ ಕೂತಳು. ನಡುಮನೆಯಲ್ಲಿ ಅತ್ತೆ, ಟಿವಿ, ಬ್ಲೌಸ್ ಅಳತೆ ಕೊಡೋಕೆ ಬಂದ ಇಬ್ಬರು. ನನ್ನ ಮೆಷಿನ್ ಓಡಿಸಿದರೆ ಅವಳಿಗೆ ಮೇಡಂ ಮಾತು ಕೇಳಿಸಲ್ಲ. ನಿಲ್ಲಿಸಿದರೆ ಅವಳ ಮಾತು ನಮಗೆಲ್ಲ ಕೇಳಿಸುತ್ತದೆ. ನಾನು ಪೆಡಲ್ ಮೇಲೆ ಕಾಲಿಟ್ಟುಕೊಂಡು, ತುಳಿಯಲೋ ಬಿಡಲೋ ಅಂತ ಹಾಗೇ ಕೂತಿದ್ದೆ. ಒಳಗಿಂದ "ಹ್ಞೂಂ ಮೇಡಂ", "ಪರವಾಗಿಲ್ಲ ಮೇಡಂ", "ಚೆನ್ನಾಗಿದ್ದೀನಿ ಮೇಡಂ" ಅಷ್ಟೇ ಬರುತ್ತಿತ್ತು. ಮೂರು ವಾರ ಹೀಗೇ. ಬಾಯಲ್ಲಿ ಹೇಳೋಕಾಗದ್ದನ್ನು ಟೈಪ್ ಮಾಡು ಅಂತ ಮೇಡಂ ಹೇಳಿದರಂತೆ. ಸಂಕಟವನ್ನೆಲ್ಲ ಬೆರಳಲ್ಲಿ ಎಷ್ಟು ಅಂತ ಒತ್ತೋಕಾಗುತ್ತದೆ? ಇನ್ನೊಂದು ಮಾತೂ ಹೇಳಿಬಿಡುತ್ತೇನೆ. ಒಂದು ದಿನ ನಾನು ಬೇಕಂತಲೇ ಪರದೆ ಹತ್ತಿರ ನಿಂತು ಕೇಳಿಸಿಕೊಂಡೆ. ಅವಳಿಗೆ ನೆಲದ ಮೇಲೆ ನನ್ನ ನೆರಳು ಕಂಡಿತು. ಆ ವಾರ ನನ್ನ ಹತ್ತಿರ ಮಾತಾಡಲಿಲ್ಲ. ಅವಳ ಕ್ಷಮೆ ಕೇಳಿದ್ದೇನೆ.

ಆಮೇಲೆ ತಾರಸಿಗೆ ಹೋದಳು. ಸಿಗ್ನಲ್ ಚೆನ್ನಾಗಿತ್ತು. ನೀರಿನ ಟ್ಯಾಂಕ್ ಮರೆಯಲ್ಲಿ, ತಲೆ ಮೇಲೆ ವೇಲ್ ಹೊದ್ದುಕೊಂಡು, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೂರುತ್ತಿದ್ದಳು. ಎರಡೇ ವಾರ. ಪಕ್ಕದ ಮನೆ ಅಕ್ಕ ನಲ್ಲಿ ಹತ್ತಿರ ಕೇಳಿದರು, "ಅದ್ಯಾರ್ ಜೊತೆ ಮಾತಾಡ್ತಾಳೆ ನಿನ್ ಮಗ್ಳು, ಅಷ್ಟೊತ್ತು? ಅಳ್ತಿದ್ಲು ಬೇರೆ." ಅಷ್ಟು ಸಾಕಾಯಿತು. ವಾರದೊಳಗೆ ನಮ್ಮ ಮೈದುನನ ಕಿವಿಗೆ ಬಿತ್ತು, ಅವರು ಬಂದು ಮಗಳಿಗೆ ಯಾರೋ ಹುಡುಗ ಗಂಟುಬಿದ್ದಿದ್ದಾನೆ, ಕಾಲೇಜು ಬಿಡಿಸಿ ಅಂದರು. ಏನಂತ ಹೇಳೋದು? ಕಾಯಿಲೆ ಅಂದರೆ ಒಂದು ಮಾತು, ಹುಡುಗ ಅಂದರೆ ಇನ್ನೊಂದು ಮಾತು. ಎರಡರಲ್ಲಿ ಯಾವುದು ಕಡಿಮೆ ಕೆಟ್ಟದ್ದು ಅಂತ ಅಮ್ಮ ಮಗಳು ಕೂತು ಯೋಚಿಸಬೇಕಾಯಿತು. ಹಳ್ಳಿಯಲ್ಲಿ ಹೆಣ್ಣುಮಗಳು ಮರೆಯಲ್ಲಿ ನಿಂತು ಮುಕ್ಕಾಲು ಗಂಟೆ ಫೋನಲ್ಲಿ ಮಾತಾಡೋದು ಅಂದರೆ ಏನು ಅಂತ ಆನ್‌ಲೈನ್ ಚಿಕಿತ್ಸೆ ಬಗ್ಗೆ ಬರೆಯೋರು ಒಂದು ಸಲ ಯೋಚನೆ ಮಾಡಬೇಕು. ಗಂಡುಮಕ್ಕಳಿಗೆ ಬೇರೆ ಥರದ ಕಷ್ಟ ಇರಬಹುದು, ಅವರು ಗದ್ದೆ ಬದುವಿಗೆ ಹೋಗಿಯಾದರೂ ಮಾತಾಡಬಹುದು, ಆದರೆ ಅವರನ್ನು ಮಾತಾಡು ಅನ್ನೋರೇ ಇರಲ್ಲ.

ಕೊನೆಗೆ ದಾರಿ ಸಿಕ್ಕಿದ್ದು ನಮ್ಮೂರ ಲೈಬ್ರರಿಯಲ್ಲಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರಲ್ಲ, ಈಗ ಅವಕ್ಕೆ ಅರಿವು ಕೇಂದ್ರ ಅಂತ ಹೆಸರು. ನಮ್ಮೂರಿನದರಲ್ಲಿ ಕಂಪ್ಯೂಟರ್ ಇದೆ, ಇಂಟರ್ನೆಟ್ ಇದೆ, ಹಿಂದೆ ಒಂದು ಸಣ್ಣ ಕೋಣೆ ಇದೆ. ಹಳೇ ಪೇಪರ್ ಕಟ್ಟುಗಳು, ಮುರಿದ ಎರಡು ಕುರ್ಚಿ, ಒಂದು ಕಿಟಕಿ. ಮುಖ್ಯವಾಗಿ, ಒಳಗಿಂದ ಚಿಲಕ ಹಾಕಿಕೊಳ್ಳೋ ಬಾಗಿಲು ಇದೆ. ಅಲ್ಲಿನ ಮೇಲ್ವಿಚಾರಕಿಗೆ ವಿಷಯ ಹೇಳಿದೆ. ಅವರೂ ಹೆಣ್ಣುಮಕ್ಕಳ ತಾಯಿ, ಜಾಸ್ತಿ ಏನೂ ಕೇಳಲಿಲ್ಲ, ಗುರುವಾರ ಕಳಿಸಿ ಅಂದರು.

ಮೊದಲ ದಿನ ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ. 45 ನಿಮಿಷ ಆಯಿತು, ಬರಲಿಲ್ಲ. ಒಂದು ಗಂಟೆಗೆ ಬಂದಳು. ಕಣ್ಣೆಲ್ಲ ಕೆಂಪಗೆ ಊದಿಕೊಂಡಿತ್ತು. ನಾನು ಏನೂ ಕೇಳಲಿಲ್ಲ. "ಅಮ್ಮ, ಹಸಿವಾಗ್ತಿದೆ, ಬೋಂಡಾ ತಿನ್ನೋಣ್ವಾ" ಅಂದಳು. ಅವಳ ಬಾಯಿಂದ ಹಸಿವು ಅನ್ನೋ ಮಾತು ಕೇಳಿ ಎಷ್ಟು ತಿಂಗಳಾಗಿತ್ತು ಗೊತ್ತಾ? ಬಸ್ ಸ್ಟ್ಯಾಂಡ್ ಹತ್ತಿರ ನಿಂತು ನಾಲ್ಕು ಬೋಂಡಾ ತಿಂದಳು.

ಅಲ್ಲಿಂದ ಚಿಕಿತ್ಸೆ ನಿಜವಾಗಿ ಶುರುವಾಯಿತು. ಮೇಡಂ ಅವಳಿಗೆ ಒಂದು ನೋಟ್‌ಬುಕ್ ಇಡಿಸಿದ್ದಾರೆ. ದಿನಕ್ಕೆ ಒಂದೇ ಒಂದು ಸಣ್ಣ ಕೆಲಸ, ಮಾಡೋಕೆ ಮುಂಚೆ ಮನಸ್ಸು ಹೇಗಿತ್ತು, ಆಮೇಲೆ ಹೇಗಿತ್ತು, ಹತ್ತಕ್ಕೆ ಎಷ್ಟು ಅಂತ ಬರೆಯಬೇಕು. ಮನಸ್ಸು ಬಂದ ಮೇಲೆ ಕೆಲಸ ಮಾಡ್ತೀನಿ ಅಂತ ಕಾಯೋದು ಬೇಡ, ಕೆಲಸ ಮಾಡ್ತಾ ಮನಸ್ಸು ಬರುತ್ತೆ ಅನ್ನೋದು ಅದರ ಲೆಕ್ಕ. ಅವಳೇ ತೋರಿಸಿದ ಒಂದು ಪುಟ: "ಡೈರಿಗೆ ಹಾಲು ಹಾಕಿ ಬಂದೆ. ಮುಂಚೆ 2. ಆಮೇಲೆ 4. ದಾರಿಯಲ್ಲಿ ಮಂಜು ಇತ್ತು." ಇನ್ನೊಂದು ಪುಟದಲ್ಲಿ "ಏನೂ ಮಾಡಲಿಲ್ಲ. 1." ಅಂತಿದೆ. ಅಂಥ ಪುಟಗಳೂ ಬೇಕಾದಷ್ಟಿವೆ. ಆದರೂ ಮುಂದಿನ ದಿನದ ಪುಟ ಖಾಲಿ ಬಿಟ್ಟಿಲ್ಲ. ಹೋದ ವಾರ ಮೊಳೆಯಿಂದ ಆ ನೀಲಿ ಚೂಡಿದಾರ್ ತೆಗೆದು, "ತೋಳು ಬಿಗಿ ಇದೆ, ಸ್ವಲ್ಪ ಬಿಚ್ಚಿಕೊಡು" ಅಂದಳು. ಅವತ್ತು ಬೇರೆಯವರ ಬ್ಲೌಸ್ ಎಲ್ಲ ಪಕ್ಕಕ್ಕಿಟ್ಟೆ.

ಈಗ ತೊಂದರೆ ಏನೆಂದರೆ, ಆ ಕೋಣೆ ಬರೀ ಬಾಯಿಮಾತಲ್ಲಿ ಸಿಕ್ಕಿದ್ದು. ಪಂಚಾಯಿತಿ ಜಾಗವನ್ನು ಒಬ್ಬರ ಮಗಳಿಗೆ ಹೇಗೆ ಬಿಟ್ಟಿದ್ದೀರಿ ಅಂತ ಯಾರೋ ಕೇಳಿದ್ದಾರೆ. ಅವರು ಕೇಳಿದ್ದು ನ್ಯಾಯವೇ. ಅದಕ್ಕೇ ನಾನು ಹೇಳೋದು, ಒಬ್ಬಳಿಗೆ ಬೇಡ, ಎಲ್ಲ ಮಕ್ಕಳಿಗೂ ಕೊಡಿ. ನಿಮ್ಹಾನ್ಸ್‌ನವರು 2015-16ರಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರಲ್ಲಿ ಶೇ 7.3ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ ಅಂತ ಬಂದಿತ್ತು. 60 ಮಕ್ಕಳ ಕ್ಲಾಸ್ ಆದರೆ ನಾಲ್ಕು ಜನ. ನಮ್ಮ ಹುಡುಗಿ ಒಬ್ಬಳಾದರೆ, ಉಳಿದ ಮೂವರು ಯಾವ ತಾರಸಿ ಮೇಲಿದ್ದಾರೆ?

ಹೊಸದಾಗಿ ಕಟ್ಟಡ ಕಟ್ಟಿ ಅಂತ ಯಾರನ್ನೂ ಕೇಳುತ್ತಿಲ್ಲ. ಅರಿವು ಕೇಂದ್ರದಲ್ಲೋ, ಆಸ್ಪತ್ರೆಯಲ್ಲೋ, ಪಿಯು ಕಾಲೇಜಿನಲ್ಲೋ ಬಾಗಿಲಿರೋ ಒಂದು ಕೋಣೆ. ಒಂದು ಕುರ್ಚಿ, ಇಂಟರ್ನೆಟ್, ಒಂದು ಹೆಡ್‌ಫೋನ್. ಫೋನ್ ಇಲ್ಲದವರಿಗೆ ಅಲ್ಲಿನ ಕಂಪ್ಯೂಟರ್. ಬಾಗಿಲ ಮೇಲೆ ಮಾನಸಿಕ ಆರೋಗ್ಯ ಅಂತೆಲ್ಲ ಬೋರ್ಡ್ ಬೇಡ, ಹಾಕಿದರೆ ಒಂದು ಮಗುವೂ ಬರಲ್ಲ. ಆನ್‌ಲೈನ್ ಪರೀಕ್ಷೆ, ಅರ್ಜಿ ತುಂಬೋದು, ಎಲ್ಲದಕ್ಕೂ ಅದೇ ಕೋಣೆ ಆಗಲಿ. ಯಾರು ಯಾತಕ್ಕೆ ಒಳಗೆ ಹೋದರು ಅಂತ ಯಾರಿಗೂ ಗೊತ್ತಾಗಬಾರದು.

ಕಾಲೇಜಿನವರಿಗೂ ಒಂದು ಮಾತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರೋ ಕಡೆ ತರಬೇತಿ ಪಡೆದ ಒಬ್ಬ ಕೌನ್ಸೆಲರೋ, ಸೈಕಾಲಜಿಸ್ಟೋ, ಸೋಷಿಯಲ್ ವರ್ಕರೋ ಇರಲೇಬೇಕು, ಟೆಲಿ ಮಾನಸ್ ನಂಬರನ್ನು ಎಲ್ಲರಿಗೂ ಕಾಣೋ ಹಾಗೆ ಕ್ಲಾಸ್‌ರೂಮು, ಹಾಸ್ಟೆಲ್‌ಗಳಲ್ಲಿ ಹಾಕಬೇಕು ಅಂತ. ಮಗಳ ಕಾಲೇಜಿಗೆ ಫೀಸ್ ಕಟ್ಟೋಕೆ ಹೋದಾಗ ಗೋಡೆ ಗೋಡೆ ನೋಡಿದೆ. ರ್‍ಯಾಂಕ್ ಬಂದವರ ಫೋಟೋ ಇತ್ತು. ನಂಬರ್ ಕಾಣಲಿಲ್ಲ. ಒಂದು ಡಬ್ಬಿ ಬಣ್ಣ ಸಾಕಲ್ವಾ ಅದಕ್ಕೆ?

ನಿಮ್ಮನ್ನೂ ಒಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ವಿದ್ಯಾರ್ಥಿಗಳ ಸಾವಿನ ಸುದ್ದಿ ಬಂದಾಗ ಮಾತ್ರ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ 14416 ಹಾಕುತ್ತೀರಿ. ಫಲಿತಾಂಶದ ಪುಟದಲ್ಲಿ ಹಾಕಿ, ಹಬ್ಬದ ಪುಟದಲ್ಲಿ ಹಾಕಿ, ಮಳೆ ಬೆಳೆ ಸುದ್ದಿ ಪಕ್ಕದಲ್ಲಿ ಹಾಕಿ. ನನ್ನ ಹಾಗೆ ಎಷ್ಟೋ ಜನ ತಾಯಂದಿರು ಪೇಪರ್ ಓದೋದೇ ಬ್ಲೌಸ್ ಅಳತೆಯ ಮಾದರಿ ಕತ್ತರಿಸೋಕೆ ಅದನ್ನು ನೆಲದ ಮೇಲೆ ಹರಡಿದಾಗ. ಯಾವ ಪುಟ ಕೈಗೆ ಸಿಗುತ್ತೋ ಹೇಳೋಕಾಗಲ್ಲ.

ಪಂಚಾಯಿತಿಗೆ ಅರ್ಜಿ ಬರೆದಿದ್ದೇನೆ, ಸೋಮವಾರ ಪಿಡಿಒ ಅವರ ಕೈಗೆ ಕೊಡುತ್ತೇನೆ. ಕೋಣೆಯ ಹಳೇ ಪೇಪರ್ ಕಟ್ಟುಗಳನ್ನು ಎತ್ತಿಡೋಕೆ ನಮ್ಮನೆಯವರು ಆಟೋ ತರುತ್ತಾರಂತೆ. ಆ ಕಿಟಕಿ ರಸ್ತೆ ಕಡೆಗಿದೆ, ಹೋಗೋರು ಬರೋರಿಗೆಲ್ಲ ಒಳಗಡೆ ಕಾಣುತ್ತದೆ. ಅದಕ್ಕೆ ದಪ್ಪ ಬಟ್ಟೆಯ ಪರದೆ ನಾನೇ ಹೊಲಿದುಕೊಡುತ್ತೇನೆ ಅಂತ ಅರ್ಜಿಯಲ್ಲೇ ಬರೆದಿದ್ದೇನೆ. ಅಳತೆ ಆಗಲೇ ತೆಗೆದುಕೊಂಡು ಬಂದಿದ್ದೇನೆ.

ಇಂತಿ,
ಒಬ್ಬ ತಾಯಿ
ಮಂಡ್ಯ ತಾಲ್ಲೂಕು